ತೂಗದ ಸೇತುವೆ

ಡಚ್ಚರ ಊರು ಹಾರ್ಲೆಮ್‌ನಲ್ಲಿ ತಡವಾಗಿ ಹೋದವರನ್ನು ಯಾರೂ ಬೈಯುವುದಿಲ್ಲ. "ಬ್ರಿಡ್ಜ್ ಓಪನ್ ಇತ್ತು" ಎಂದರೆ ಸಾಕು. ಹಲ್ಲಿನ ಡಾಕ್ಟರ ಸಹಾಯಕಿ ತಲೆಯಾಡಿಸುತ್ತಾಳೆ, ಮೀಟಿಂಗಿನಲ್ಲಿ ಕುರ್ಚಿ ಸರಿಸಿ ಜಾಗ ಕೊಡುತ್ತಾರೆ. ಈ ಊರಿಗೆ ಬಂದ ಹೊಸತರಲ್ಲಿ ಸಹೋದ್ಯೋಗಿಯೊಬ್ಬಳು ಹೀಗೆ ಹೇಳಿದಾಗ ನನಗೆ ಅರ್ಥವಾಗಿರಲಿಲ್ಲ. ಓಪನ್ ಇದ್ದರೆ ಬೇಗ ಬರಬೇಕಿತ್ತಲ್ಲ? ಕೆಲವು ದಿನ ಅವಳನ್ನು ಸುಳ್ಳು ಹೇಳುವವಳೆಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇಲ್ಲಿ ಸೇತುವೆ ತೆರೆಯುವುದು ದೋಣಿಗಳಿಗೆ. ದೋಣಿಗೆ ತೆರೆದರೆ ನಡೆಯುವವರಿಗೆ ಮುಚ್ಚಿದ ಹಾಗೆ. ನೀರಿನ ಕಡೆ ನಿಂತು ಮಾತು ಕಟ್ಟಿದ ಜನ ಇವರು. ನಾನು ರಸ್ತೆಯ ಕಡೆಯವಳು.

ನಮ್ಮ ದಾವಣಗೆರೆಯಲ್ಲೂ ಇಂಥದೊಂದು ಮಾತಿತ್ತು: "ಗೇಟ್ ಬಿದ್ದಿತ್ತು." ಊರಿನ ನಡುವೆ ರೈಲು ಹಾದುಹೋಗುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಊರಿನಿಂದ ಬಂದ ನೆಂಟರು ಮಾತ್ರ, "ಯಾರಿಗಾದ್ರೂ ಪೆಟ್ಟಾಯ್ತಾ?" ಎಂದು ಗಾಬರಿಯಿಂದ ಕೇಳುತ್ತಿದ್ದರು. ನಾನು ಶಾಲೆಗೆ ಹೋಗುತ್ತಿದ್ದುದು ಅಬ್ಬಾನ ಸ್ಕೂಟರಿನಲ್ಲಿ. ಗೇಟ್ ಬಿದ್ದರೆ ಅಬ್ಬಾ ಎಂಜಿನ್ ಆಫ್ ಮಾಡುತ್ತಿದ್ದರು. ಸುತ್ತ ಸೈಕಲ್ಲುಗಳನ್ನು ಓರೆ ಮಾಡಿ ಕಂಬಿಯ ಕೆಳಗೆ ನುಸುಳುವವರು, ಎತ್ತಿನ ಗಾಡಿ, ತಲೆಯ ಮೇಲೆ ಮಂಡಕ್ಕಿಯ ಚೀಲ ಹೊತ್ತವರು, ಪಕ್ಕದಿಂದ ಕೈ ಹೊರಚಾಚಿ ಹಾರ್ನ್ ಒತ್ತುವ ಆಟೋದವರು. ಅಬ್ಬಾ ಮಾತ್ರ ನುಸುಳುತ್ತಿರಲಿಲ್ಲ. ಇಡೀ ದಿನ ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ನಡುವೆ ಮುಳುಗಿರುವ ಮನುಷ್ಯನಿಗೆ ಅದೊಂದೇ ಬಿಡುವು. ಹಾಗಾಗಿ ನಮ್ಮ ಮನೆಯ ಮುಖ್ಯ ಮಾತುಗಳೆಲ್ಲ ಗೇಟಿನ ಮುಂದೆಯೇ ನಡೆದವು. ಧಾರವಾಡದ ಕೃಷಿ ಕಾಲೇಜಿಗೆ ಹೋಗಲು ಅಬ್ಬಾ ಒಪ್ಪಿಗೆ ಕೊಟ್ಟದ್ದೂ ಅಲ್ಲೇ. ಗೂಡ್ಸ್ ರೈಲೊಂದು ಹೋಗುತ್ತಿತ್ತು. ಅವರು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೊಮ್ಮೆ ಕೇಳಲು ಧೈರ್ಯವಿಲ್ಲದೆ, ಒಪ್ಪಿದರೆಂದೇ ತಿಳಿದು ಮನೆಗೆ ಹೋಗಿ ಪೆಟ್ಟಿಗೆ ಜೋಡಿಸಿದೆ. ಯಾರೂ ತಡೆಯಲಿಲ್ಲ. ಹಾಗಾಗಿ ಒಪ್ಪಿರಬೇಕು.

ಧಾರವಾಡದ ನಂತರ ಇಲ್ಲಿಯ ವಾಗೆನಿಂಗನ್ ವಿಶ್ವವಿದ್ಯಾಲಯ, ಬೀಜಗಳ ಮೇಲೆ ಓದು, ಈಗ ಒಂದು ಬೀಜದ ಕಂಪನಿಯಲ್ಲಿ ಕೆಲಸ. ಮೊಳಕೆ ಬರುವ ಬೀಜವನ್ನೂ ಬಾರದ ಬೀಜವನ್ನೂ ಬೇರೆ ಮಾಡುವುದು ನನ್ನ ಕಸುಬು. ಮಾತನ್ನು ಹಾಗೆ ಬೇರೆ ಮಾಡಲು ನನಗೆ ಬರುವುದಿಲ್ಲವೆಂದು ಈ ಏಪ್ರಿಲ್‌ನಲ್ಲಿ ತಿಳಿಯಿತು.

ಸ್ಪಾರ್ನೆ ಹೊಳೆ ಹಾರ್ಲೆಮ್‌ನ ನಡುವೆ ಹರಿಯುತ್ತದೆ. ನನ್ನ ಬಾಡಿಗೆ ಕೋಣೆ ಇರುವುದು ರೈಲು ನಿಲ್ದಾಣದ ಕಡೆಯ ದಡದಲ್ಲಿ. ಆಚೆ ದಡದಲ್ಲಿ, ಒಂದು ಹಳೆಯ ಇಟ್ಟಿಗೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಎರಡು ಕೋಣೆಯ ಮನೆಯೊಂದನ್ನು ಕೊಳ್ಳಬೇಕೆಂದು ಚಳಿಗಾಲದಲ್ಲೇ ನಿರ್ಧರಿಸಿದ್ದೆ. ಬೆಲೆ ಇಲ್ಲಿ ಬರೆಯುವುದಿಲ್ಲ. ಅಮ್ಮಿಗೂ ಒಂದೇ ಸಲ ಹೇಳಿದ್ದು. ಆ ಮನೆಯ ಕಿಟಕಿಯಿಂದ ಒಂದು ಪುರಾತನ ಕಬ್ಬಿಣದ ಸೇತುವೆ ಕಾಣುತ್ತದೆ. ದೋಣಿ ಬಂದಾಗ ಅದು ಮೇಲೇಳುವುದಿಲ್ಲ, ನಡುವಿನ ಕಂಬದ ಮೇಲೆ ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ತಿರುಗುತ್ತದೆ. ಪ್ರವಾಸಿಗರಿಗಾಗಿ ಇಟ್ಟ ಫಲಕದಲ್ಲಿ ಇಂಗ್ಲಿಷಿನಲ್ಲಿ 'ಸ್ವಿಂಗ್ ಬ್ರಿಡ್ಜ್' ಎಂದಿದೆ. ಡಚ್ಚಿನಲ್ಲಿ ಅದರ ಹೆಸರು 'ಡ್ರಾಯ್‌ಬ್ರುಖ್', ತಿರುಗುವ ಸೇತುವೆ. ಡಚ್ ಕಲಿಯಲು ಎರಡು ಚಳಿಗಾಲ ಸಂಜೆ ತರಗತಿಗೆ ಹೋಗಿದ್ದೇನೆ. ಆದರೂ ಅಮ್ಮಿಗೆ ಫೋನಿನಲ್ಲಿ ಮನೆಯನ್ನು ವರ್ಣಿಸುವಾಗ ನನ್ನ ತಲೆ ಇಂಗ್ಲಿಷ್ ಫಲಕದ ಮುಂದೆಯೇ ನಿಂತಿತ್ತು. ಸ್ವಿಂಗ್ ಎಂದರೆ ಜೋಕಾಲಿ, ಜೋಕಾಲಿ ಎಂದರೆ ತೂಗುವುದು.

"ಮನೆ ಮುಂದೆನೇ ಒಂದು ಹಳೇ ತೂಗುಸೇತುವೆ ಐತೆ ಅಮ್ಮಿ," ಎಂದೆ.

ಅಮ್ಮಿ ಮನೆಯ ಮಾತನ್ನು ಅಲ್ಲಿಗೇ ಬಿಟ್ಟು, ಊಟ ಆಯಿತೇ ಎಂದು ಕೇಳಿದರು.

ಅಮ್ಮಿ ದಾವಣಗೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ನಮ್ಮ ಮನೆಯಲ್ಲಿ ಮುದ್ದು ದಖ್ಖನಿ ಉರ್ದುವಿನಲ್ಲಿ, ಲೆಕ್ಕ ಮತ್ತು ಜಗಳ ಕನ್ನಡದಲ್ಲಿ. ಎಂಟನೇ ತರಗತಿಯ ಹುಡುಗರ ಇಡೀ ಕೋಣೆಯನ್ನು ಒಂದು ಕೆಮ್ಮಿನಿಂದ ಸುಮ್ಮನಾಗಿಸುವ ಅಮ್ಮಿಗೆ ಲೋಕದಲ್ಲಿ ಹೆದರಿಕೆ ಇರುವುದು ಒಂದಕ್ಕೆ ಮಾತ್ರ. ಮದುವೆಯಾದ ಹೊಸತರಲ್ಲಿ ಅಬ್ಬಾನ ಜೊತೆ ಕರಾವಳಿಯ ಕಡೆ ಹೋದಾಗ ಅವರು ಒಂದು ತೂಗುಸೇತುವೆ ಹತ್ತಿದ್ದರು. ನಡುವೆ ಬಂದಾಗ ಅಬ್ಬಾ ತಮಾಷೆಗೆ ಕುಣಿದರು. ಹಲಗೆಗಳು ಅಲ್ಲಾಡಿದವು. ಅಮ್ಮಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ತಂತಿ ಹಿಡಿದು, ಕೂತ ಭಂಗಿಯಲ್ಲೇ ದಡಕ್ಕೆ ವಾಪಸು ಬಂದರು. ಒಂದು ಚಪ್ಪಲಿ ಹೊಳೆಗೆ ಹೋಯಿತು. ಹೊಸ ಮದುಮಗಳು ಒಂದೇ ಚಪ್ಪಲಿಯಲ್ಲಿ ಬಸ್ ಹತ್ತಿದ ಈ ಕಥೆಯನ್ನು ಅಬ್ಬಾ ಹೇಳಿದಾಗಲೆಲ್ಲ ಅಮ್ಮಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಈ ಕಥೆ ನನಗೆ ಬಾಯಿಪಾಠವಾಗಿತ್ತು. ಆದರೂ ತೂಗುಸೇತುವೆ ಎಂದುಬಿಟ್ಟಿದ್ದೆ.

ಬೇಸಿಗೆ ರಜೆಗೆ ಅಮ್ಮಿ ಬಂದರು. ಸಲ್ವಾರಿನ ಮೇಲೆ ನನ್ನ ಸ್ವೆಟರ್, ಅದರ ಮೇಲೆ ಅಬ್ಬಾ ಕೊಟ್ಟು ಕಳಿಸಿದ ಜಾಕೆಟ್. ಬಂದ ಮರುದಿನವೇ ಮಾರುಕಟ್ಟೆಗೆ ಹೋಗಿ, ಭಾಷೆಯೇ ಇಲ್ಲದೆ, ಬರೀ ಬೆರಳಿನಿಂದ ಒಳ್ಳೆಯ ಟೊಮೆಟೊ ಆರಿಸಿ ತಂದರು. ದೊಡ್ಡ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂತು ಬಿಸಿಲು ಕಾಯಿಸಿಕೊಂಡರು. ಈ ದಡದ ಬೀದಿಗಳೆಲ್ಲ ಅವರಿಗೆ ಪರಿಚಯವಾದವು. ಆಚೆ ದಡದ ಮಾತು ಬಂದಾಗ ಮಾತ್ರ, "ನಕ್ಕೋ ಬೇಟಾ. ತೂಗೋದರ ಮ್ಯಾಲೆ ನನ್ನ ಕೈಲಾಗಲ್ಲ," ಎನ್ನುತ್ತಿದ್ದರು.

"ಅದು ಅಲ್ಲಾಡಲ್ಲ ಅಮ್ಮಿ."

"ಅಲ್ಲಾಡದಿದ್ರೆ ತೂಗುಸೇತುವೆ ಅಂತ ಯಾಕಂತಾರೆ?"

ಸ್ವಲ್ಪ ದೂರ ಹೋದರೆ ಬೇರೆ ಸೇತುವೆ ಇದೆ ಎಂದರೆ, "ಇವತ್ತು ಕಾಲು ನೋಯ್ತಾವೆ." ಬಸ್ಸಿನಲ್ಲಿ ಹೋಗೋಣವೆಂದರೆ, "ನಾಳೆ ನೋಡಾಣ." ನಾನು ಒತ್ತಾಯ ಮಾಡುವವಳಲ್ಲ. ಬೇಕಾದದ್ದನ್ನು ಕೇಳಿ ಪಡೆಯುವುದು ನನ್ನಿಂದ ಮೊದಲಿನಿಂದಲೂ ಆಗದ ಕೆಲಸ. ಕೇಳದೆ ಕಾಯುತ್ತೇನೆ, ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟುಕೊಂಡಿದ್ದೇನೆ.

ಈ ನಡುವೆ ಮನೆಯ ವ್ಯವಹಾರ ಮುಂದೆ ಹೋಗಿ, ಕರಾರಿಗೆ ಸಹಿ ಹಾಕಿದ್ದೂ ಆಯಿತು. ಇಲ್ಲಿಯ ಕಾನೂನಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಮನೆ ಕೊಳ್ಳಲು ಸಹಿ ಹಾಕಿದ ಮೇಲೂ ಕೊಳ್ಳುವವರಿಗೆ ಮೂರು ದಿನ ಯೋಚನೆಯ ಕಾಲವೆಂದು ಬಿಡುತ್ತಾರೆ. ಅಷ್ಟರೊಳಗೆ ಬೇಡವೆಂದರೆ ಕಾರಣ ಕೇಳುವುದಿಲ್ಲ, ದಂಡವಿಲ್ಲ. ನನ್ನ ಯೋಚನೆಯ ಕಾಲ ಮುಗಿಯಲು ಎರಡು ದಿನ ಉಳಿದಿತ್ತು. ಅಮ್ಮಿ ಮನೆ ನೋಡಿರಲಿಲ್ಲ. ಅವರು ಬೇಡವೆಂದರೆ ಬಿಡುವುದೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ; ಅದನ್ನು ಅವರಿಗೆ ಹೇಳಿರಲಿಲ್ಲ. ಮದುವೆಯಾಗದ ಮಗಳು ದೂರದ ದೇಶದಲ್ಲಿ ಒಬ್ಬಳೇ ಮನೆ ಕೊಂಡಳೆಂದರೆ ನೆಂಟರು ಏನೆನ್ನಬಹುದೋ, ಅದನ್ನು ತಡೆದುಕೊಳ್ಳುತ್ತೇನೆ. ಅಮ್ಮಿಯ ಮುಖದಲ್ಲಿ ಅದು ಕಂಡರೆ ಆ ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ.

ದಾರಿ ಮಾಡಿಕೊಟ್ಟವಳು ವಿದ್ಯಾ. ಮೈಸೂರಿನವಳು, ನನ್ನ ಸಹೋದ್ಯೋಗಿ, ಅದೇ ಕಟ್ಟಡದ ಕೆಳಮನೆಯಲ್ಲಿ ಇರುವವಳು. ಮನೆ ಮಾರಾಟಕ್ಕಿದೆ ಎಂದು ಮೊದಲು ಹೇಳಿದ್ದೂ ಅವಳೇ. ಅಮ್ಮಿಗೆ ಫೋನ್ ಮಾಡಿ, "ಆಂಟಿ, ನಾಳೆ ಸಂಜೆ ನಮ್ಮನೆಗೆ ಕಾಫಿಗೆ ಬನ್ನಿ. ಅಕ್ಕಿರೊಟ್ಟಿ ಮಾಡ್ತೀನಿ. ನಿಮ್ಮ ಸಬೀನೂ ಕರ್ಕೊಂಡು ಬನ್ನಿ, ಬೇಡ ಅಂದ್ರೆ ಬಿಟ್ಟು ಬನ್ನಿ," ಎಂದಳು.

ಕರೆದ ಮನೆಗೆ ಹೋಗದೆ ಇರುವುದು ಅಮ್ಮಿಗೆ ಗೊತ್ತಿಲ್ಲ. ನಾನು ಗುಟ್ಟಾಗಿ ಮನೆಯ ದಲ್ಲಾಳಿಗೆ ಮೆಸೇಜ್ ಮಾಡಿ, ಅದೇ ಸಂಜೆ ಮತ್ತೊಮ್ಮೆ ಬಾಗಿಲು ತೆರೆಯಲು ಕೇಳಿಕೊಂಡೆ.

ಸಂಜೆ ನಾವು ಹೊಳೆಯ ದಂಡೆಗೆ ಬರುವ ಹೊತ್ತಿಗೆ ಗಂಟೆ ಬಾರಿಸಿತು. ಕೆಂಪು ದೀಪ ಹತ್ತಿ, ಕಂಬಿ ಮೆಲ್ಲಗೆ ಇಳಿಯಿತು. ಅದೇ ಹೊತ್ತಿಗೆ ಅಮ್ಮಿಯ ಫೋನು ರಿಂಗಾಯಿತು. ಅಮ್ಮಿ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಆಂಟಿ, ಬ್ರಿಡ್ಜ್ ಓಪನ್ ಇದೆ," ಎಂದಳು ವಿದ್ಯಾ. "ಕಿಟಕಿಯಿಂದ ಕಾಣ್ತಿದೆ. ಆರಾಮಾಗಿ ಬನ್ನಿ."

"ಓಪನ್ ಐತಂತೆ, ನಡಿ," ಎಂದು ಅಮ್ಮಿ ಕಂಬಿಯ ಪಕ್ಕದಿಂದ ಮುಂದೆ ಹೆಜ್ಜೆ ಇಟ್ಟರು. ನಾನು ಜಾಕೆಟ್ ಹಿಡಿದು ಎಳೆದೆ. ಪಕ್ಕದಲ್ಲಿ ಸೈಕಲ್ಲಿನಿಂದ ಇಳಿದು ನಿಂತಿದ್ದ ಅಜ್ಜಿಯೊಬ್ಬರು ಡಚ್ಚಿನಲ್ಲಿ, ಸಮಾಧಾನವಾಗಿ, ಸೇತುವೆ ಓಪನ್ ಇದೆ, ಹೋಗಬೇಡಿ ಎಂದರು. ಅದರಲ್ಲಿ 'ಓಪನ್' ಎಂಬುದಷ್ಟೇ ಅಮ್ಮಿಗೆ ಅರ್ಥವಾಯಿತು.

"ನೋಡು, ಇವರೂ ಓಪನ್ ಅಂತಿದಾರೆ."

"ಓಪನ್ ಅಂದ್ರೆ ಇಲ್ಲಿ ಬಂದ್ ಅಂತ ಅಮ್ಮಿ."

ಅಮ್ಮಿ ನನ್ನನ್ನು, ಭಾಗಾಕಾರವನ್ನು ಗುಣಾಕಾರ ಎಂದ ಹುಡುಗಿಯನ್ನು ನೋಡುವಂತೆ ನೋಡಿದರು.

ಅಷ್ಟರಲ್ಲಿ ಸೇತುವೆ ತಿರುಗತೊಡಗಿತು. ಎಷ್ಟೋ ಸಲ ನೋಡಿದ್ದರೂ ಆ ಮೊದಲ ಚಲನೆ ನನ್ನ ಕಣ್ಣು ತಪ್ಪಿಸುತ್ತದೆ. ಸದ್ದಿಲ್ಲ, ನಡುಕವಿಲ್ಲ. ನಮ್ಮ ಕಾಲ ಬುಡದ ರಸ್ತೆಗೂ ಅದರ ಅಂಚಿಗೂ ನಡುವೆ ಮೊದಲು ಒಂದು ಗೆರೆಯಷ್ಟು ನೀರು, ಆಮೇಲೆ ಒಂದು ಬಾಗಿಲಿನಷ್ಟು, ಆಮೇಲೆ ಹೊಳೆಯೇ. ಇಡೀ ಸೇತುವೆ ದೀಪದ ಕಂಬಗಳ ಸಮೇತ ಪಕ್ಕಕ್ಕೆ ಹೊರಳಿ ಹೊಳೆಯ ಉದ್ದಕ್ಕೆ ನಿಂತಿತು. ಹಾಯಿ ಇಳಿಸಿದ ಎತ್ತರದ ದೋಣಿಯೊಂದು ಗುಡುಗುಡು ಎನ್ನುತ್ತಾ ಬರತೊಡಗಿತು.

"ಇದು ಚಕ್ಕಿ ಇದ್ದಂಗೈತಲ್ಲ," ಎಂದರು ಅಮ್ಮಿ. "ಬೀಸೋ ಕಲ್ಲು. ನಡುವೆ ಗೂಟ, ಮ್ಯಾಲೆ ಕಲ್ಲು."

"ಹೂಂ. ತಿರುಗುತ್ತೆ ಅಷ್ಟೇ. ತೂಗಲ್ಲ."

"ಮತ್ತೆ ತೂಗುಸೇತುವೆ ಅಂದೆ?"

"ಇಂಗ್ಲಿಷಿನಲ್ಲಿ ಸ್ವಿಂಗ್ ಅಂತಿತ್ತು."

"ಸ್ವಿಂಗ್ ಅಂದ್ರೆ ತೂಗೋದೇ? ಬಾಗಿಲೂ ಸ್ವಿಂಗ್ ಆಗುತ್ತೆ. ನಿಮ್ಮನೆ ಬಾಗಿಲು ತೂಗ್ತೈತೇನು?" ಅಮ್ಮಿ ಶಾಲಿನಿಂದ ಕಿವಿ ಮುಚ್ಚಿಕೊಂಡರು. "ನಾನು ಲೆಕ್ಕದ ಟೀಚರ್ರು. ನಿನಗೆ ಕನ್ನಡನೂ ನಾನೇ ಹೇಳಿಕೊಡಬೇಕು."

ನಾನು ನಕ್ಕೆ. ನಗು ಮುಗಿಯುವ ಮೊದಲೇ ನನಗೆ ಸಮಾಧಾನವೂ ಆಗಿತ್ತು. ಇಷ್ಟು ದಿನ ಅಡ್ಡವಾಗಿದ್ದದ್ದು ಒಂದು ತಪ್ಪು ಪದ, ಅದು ಈಗ ಸರಿಹೋಯಿತು ಎಂದುಕೊಂಡೆ. ಆದರೆ ಅಮ್ಮಿ ದೋಣಿಯನ್ನು ನೋಡುತ್ತಲೇ, ತರಗತಿಯ ಮೊದಲ ಬೆಂಚಿಗೂ ಕೇಳಿಸದಂಥ ದನಿಯಲ್ಲಿ ಹೇಳಿದರು:

"ತೂಗಲ್ಲ ಅಂತ ನನಗೆ ಮೊದಲನೇ ವಾರನೇ ಗೊತ್ತಾಗಿತ್ತು."

"ಹೇಗೆ?"

"ನಿನ್ನ ಕೋಣೆ ಕಿಟಕಿಗೆ ಕತ್ತು ಹಾಕಿ ನೋಡಿದ್ರೆ ಇದರ ತುದಿ ಕಾಣುತ್ತೆ. ನೀನು ಕೆಲಸಕ್ಕೆ ಹೋದ ಮ್ಯಾಲೆ ನನಗೇನು ಕೆಲಸ? ಕಸದ ಲಾರಿ ದಿನಾ ಇದರ ಮ್ಯಾಲೇ ಹೋಗುತ್ತೆ. ಕಸದ ಲಾರಿ ಹೋಗೋ ತೂಗುಸೇತುವೆ ಎಲ್ಲೈತೆ ಹೇಳು."

ಆ ಕಿಟಕಿಯಿಂದ ಅಮ್ಮಿ ಹೊರಗೆ ನೋಡುತ್ತಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ. ನಾನಿಲ್ಲದ ಹೊತ್ತಿನಲ್ಲಿ ಅವರು ಅಡುಗೆ ಮಾಡಿ, ನಮಾಜು ಮಾಡಿ, ನನಗಾಗಿ ಕಾಯುತ್ತಾರೆಂದಷ್ಟೇ ತಿಳಿದಿದ್ದೆ.

"ಮತ್ತೆ ಯಾಕೆ ಬರ್ಲಿಲ್ಲ?" ಎಂದು ಕೇಳಿದೆ. ನನ್ನ ಬದುಕಿನಲ್ಲಿ ನಾನು ನೇರವಾಗಿ ಕೇಳಿದ ಕೆಲವೇ ಪ್ರಶ್ನೆಗಳಲ್ಲಿ ಇದೂ ಒಂದು.

"ಬಂದು ನೋಡಿದ್ರೆ ಏನಾದ್ರೂ ಹೇಳಬೇಕಾಗುತ್ತೆ. ಚೆನ್ನಾಗಿಲ್ಲ ಅಂತ ಸುಳ್ಳು ಹೇಳೋಕೆ ನನಗೆ ಬರಲ್ಲ. ಚೆನ್ನಾಗೈತೆ ಅಂದ್ರೆ ನೀನು ಇಲ್ಲೇ ಇದ್ದುಬಿಡ್ತೀಯ." ಅವರು ಕಂಬಿಯ ಮೇಲೆ ಕೈ ಇಟ್ಟರು, ಅದು ತಣ್ಣಗಿರಬೇಕು, ಮತ್ತೆ ತೆಗೆದರು. "ಬಾಡಿಗೆ ಕೋಣೆ ಇದ್ರೆ ಇವತ್ತಲ್ಲ ನಾಳೆ ಖಾಲಿ ಮಾಡಿ ಬರ್ತಾಳೆ ಅಂತ ಅನ್ಕೋಬಹುದು. ಸ್ವಂತ ಮನೆ ಯಾರು ಖಾಲಿ ಮಾಡ್ತಾರೆ?"

ದೋಣಿಯವನು ಕೈ ಬೀಸಿದ. ಸೈಕಲ್ ಅಜ್ಜಿ ಕೈ ಬೀಸಿದರು. ಅಮ್ಮಿಯೂ ಬೀಸಿದರು, ಎದುರಿನವರು ಬೀಸಿದರೆ ಬೀಸದೆ ಇರುವುದು ಅವರಿಗೆ ಬರುವುದಿಲ್ಲ.

ಯೋಚನೆಯ ಕಾಲದ ವಿಷಯ ಆಗ ಹೇಳಿದೆ. ನಾಳೆಯವರೆಗೂ ಬಿಡಬಹುದು, ಯಾರೂ ಏನೂ ಕೇಳುವುದಿಲ್ಲ ಎಂದೆ.

"ನಾನು ಬ್ಯಾಡ ಅಂದ್ರೆ ಬಿಡ್ತೀಯಾ?"

"ಬಿಡ್ತೀನಿ."

ಅಮ್ಮಿ ನನ್ನ ಮುಖ ನೋಡಿದರು. ಮಕ್ಕಳು ಉತ್ತರವನ್ನು ಪಕ್ಕದವರಿಂದ ನೋಡಿ ಬರೆದಿದ್ದರೆ ಹಿಡಿಯುವ ಕಣ್ಣು ಅದು. ನಾನು ಪಕ್ಕದವರಿಂದ ನೋಡಿ ಬರೆದಿರಲಿಲ್ಲ. ಆದರೆ ಇನ್ನೊಂದು ಸಾಲು ಉಳಿದಿತ್ತು. ಅದನ್ನು ಹೇಳದೆ ಕಾಯಬಹುದಿತ್ತು, ಎಂದಿನಂತೆ.

"ಆದ್ರೆ ಬ್ಯಾಡ ಅನ್ನಬೇಡಿ, ಅಮ್ಮಿ," ಎಂದೆ. "ನನಗೆ ಆ ಮನೆ ಬೇಕು."

ದೋಣಿ ದಾಟಿತು. ಕಬ್ಬಿಣದ ಸೇತುವೆ ಹೋದಷ್ಟೇ ನಿಧಾನವಾಗಿ ವಾಪಸು ಬಂದು, ರಸ್ತೆಯ ಅಂಚಿಗೆ ಅಂಚು ಕೂಡಿಸಿ ನಿಂತಿತು. ಕಂಬಿ ಮೇಲೆದ್ದಿತು. ಯಾರೂ ಮುನ್ನುಗ್ಗಲಿಲ್ಲ. ಎರಡೂ ಕಡೆಯ ಸೈಕಲ್ಲುಗಳು ಒಂದರ ಪಕ್ಕ ಒಂದು ಹಾದುಹೋದವು. ಅಮ್ಮಿ ನನ್ನ ಕೈ ಹಿಡಿಯಲಿಲ್ಲ. ನಡುಮಧ್ಯೆ ಬಂದಾಗ ಒಂದು ಕ್ಷಣ ನಿಂತು, ಚಪ್ಪಲಿಯ ತುದಿಯಿಂದ ಹಲಗೆಯನ್ನು ಎರಡು ಸಲ ತಟ್ಟಿ ನೋಡಿ ಮುಂದೆ ನಡೆದರು.

ವಿದ್ಯಾಳ ಅಕ್ಕಿರೊಟ್ಟಿಯಲ್ಲಿ ಸಬ್ಬಸಿಗೆ ಹೆಚ್ಚಾಗಿತ್ತು. ಅಮ್ಮಿ ಹಾಗೆಂದು ಹೇಳಿಯೇ ಎರಡು ತಿಂದರು.

"ಮೇಲೆ ಹೋಗಿ ನೋಡ್ಕೊಂಡು ಬನ್ನಿ ಆಂಟಿ," ಎಂದಳು ವಿದ್ಯಾ. "ಮೆಟ್ಟಿಲು ಮಾತ್ರ ಏಣಿ ಥರ ಇದೆ. ನಮ್ಮತ್ತೆ ಬಂದಾಗ ಕೂತ್ಕೊಂಡೇ ಇಳಿದ್ರು."

"ಕೂತ್ಕೊಂಡು ಇಳಿಯೋದು ನನಗೆ ಅಭ್ಯಾಸ ಐತೆ," ಎಂದರು ಅಮ್ಮಿ. ತೂಗುಸೇತುವೆಯ ಆ ಪ್ರಸಂಗವನ್ನು ಅವರೇ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದಲ್ಲಾಳಿ ಮೇಲೆ ಕಾಯುತ್ತಿದ್ದ. ಉದ್ದನೆಯ, ಸಂಕೋಚದ ಮನುಷ್ಯ. ಅಮ್ಮಿಗೆ ಕೈ ಮುಂದೆ ಮಾಡಿ, ಅವರು ಎದೆಯ ಮೇಲೆ ಕೈ ಇಟ್ಟಾಗ ತಾನೂ ಹಾಗೆಯೇ ಮಾಡಿದ. ಮಾರುವವರ ಸಾಮಾನು ಇನ್ನೂ ಅಲ್ಲೇ ಇತ್ತು. ಅಮ್ಮಿ ನಲ್ಲಿಗಳನ್ನೆಲ್ಲ ತಿರುಗಿಸಿದರು. ಅಡುಗೆಮನೆಯ ಕಟ್ಟೆಗೆ ಹೊಟ್ಟೆ ತಾಗಿಸಿ ನಿಂತು ಎತ್ತರ ನೋಡಿದರು. ಡಚ್ಚರಿಗಾಗಿ ಮಾಡಿದ ಕಟ್ಟೆ, ರೊಟ್ಟಿ ತಟ್ಟಲು ಮಣೆ ಹತ್ತಬೇಕೆಂದರು. ಶೌಚಾಲಯದಲ್ಲಿ ನೀರಿನ ನಲ್ಲಿಯೇ ಇಲ್ಲದ್ದನ್ನು ನೋಡಿ, "ಓದಿದವರ ದೇಶ," ಎಂದಷ್ಟೇ ಹೇಳಿದರು. ನಾನು ಅವರ ಹಿಂದೆ ಹಿಂದೆ, ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಮುಂದೆ ನಿಂತ ಹಾಗೆ, ಏನನ್ನೂ ಮುಟ್ಟದೆ ನಡೆದೆ.

ಮಲಗುವ ಕೋಣೆಯಲ್ಲಿ ಅವರು ಬಹಳ ಹೊತ್ತು ನಿಂತರು. ಆ ಕೋಣೆ ಚಿಕ್ಕದು. ಕಿಟಕಿಯ ಹೊರಗೆ ಹೊಳೆ. ಸಂಜೆಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅಮ್ಮಿ ಬಿಸಿಲು ಬರುವ ಕಡೆ ನೋಡಿದರು. ನಮ್ಮೂರಿನಲ್ಲಿ ನಮಾಜಿಗೆ ಮುಖ ಮಾಡುವುದು ಸೂರ್ಯ ಮುಳುಗುವ ದಿಕ್ಕಿಗೆ. ಇಲ್ಲಿಂದ ಮಕ್ಕಾ ಬೇರೆ ಕಡೆ, ಆಗ್ನೇಯಕ್ಕೆ. ಬಂದ ಮೊದಲ ದಿನ ನನ್ನ ಬಾಡಿಗೆ ಕೋಣೆಯಲ್ಲಿ ಅಮ್ಮಿ ಅಭ್ಯಾಸಬಲದಿಂದ ಪಶ್ಚಿಮಕ್ಕೆ ಜಾನಮಾಜಿನ ಚಾಪೆ ಹಾಸಿ, ನಾನು ಹೇಳಿದ ಮೇಲೆ ಸರಿಮಾಡಿಕೊಂಡಿದ್ದರು.

"ಇಲ್ಲಿ ಕಿಬ್ಲಾ ಯಾವ ಕಡೆ ಬರುತ್ತೆ?" ಎಂದು ಕೇಳಿದರು.

ನಾನು ಕಪಾಟಿನ ಪಕ್ಕದ ಮೂಲೆಯನ್ನು ತೋರಿಸಿದೆ. ಇದನ್ನು ಚಳಿಗಾಲದಲ್ಲೇ, ಮೊದಲ ಸಲ ಮನೆ ನೋಡಲು ಬಂದಾಗಲೇ, ದಲ್ಲಾಳಿ ಆ ಕಡೆ ತಿರುಗಿದ್ದಾಗ ಫೋನಿನಲ್ಲಿ ನೋಡಿಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಅಮ್ಮಿ ಮೂಲೆಯನ್ನು ನೋಡಿದರು, ಮಾರುವವರ ಮಂಚವನ್ನು ನೋಡಿದರು, ಮತ್ತೆ ಮೂಲೆಯನ್ನು ನೋಡಿದರು. ನಮ್ಮಲ್ಲಿ ಯಾರೂ ಆ ದಿಕ್ಕಿಗೆ ಕಾಲು ಚಾಚಿ ಮಲಗುವುದಿಲ್ಲ.

"ಇವರ ಹಂಗೆ ಮಂಚ ಹಾಕಬ್ಯಾಡ," ಎಂದರು. "ಕಾಲು ಕಿಬ್ಲಾಕ್ಕೆ ಬರ್ತಾವೆ. ಈ ಗೋಡೆಗೆ ಹಾಕ್ಕೋ. ಕಿಟಕಿ ಗಾಳಿನೂ ತಲೆಗೆ ಬಡಿಯಲ್ಲ."

ಬಾಗಿಲಲ್ಲಿ ನಿಂತಿದ್ದ ದಲ್ಲಾಳಿ, ತಾಯಿ ಏನೆನ್ನುತ್ತಿದ್ದಾರೆ, ಏನಾದರೂ ತೊಂದರೆಯೇ ಎಂದು ಮೆಲ್ಲಗೆ ಕೇಳಿದ. ಮಂಚ ಯಾವ ಗೋಡೆಗೆ ಎಂದು ಹೇಳುತ್ತಿದ್ದಾರೆ, ಎಂದೆ. ಡಚ್ಚಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ಸ್ವಲ್ಪ ಕೆಟ್ಟಿತು, ವ್ಯಾಕರಣ ಸರಿಯಾಗಿತ್ತು.

ಅಮ್ಮಿ ಆಗಲೇ ಜಾಕೆಟಿನ ತೋಳು ಮೇಲೇರಿಸಿ, ಬಾಗಿ, ಆ ಗೋಡೆಯನ್ನು ಗೇಣಿನಲ್ಲಿ ಅಳೆಯತೊಡಗಿದ್ದರು.